ಭಾಗ 7: ‘ಜಂಕ್’ ಅಂದಿದ್ದು ಕೆಲಸಕ್ಕೆ ಬಂದ ಕಥೆ

ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಬಹುದಾ ಅಂತ ಊರಿಂದ ಕೇಳಿದ್ದೀರಿ. ಉತ್ತರಕ್ಕೆ ಮೊದಲು ಸ್ವಲ್ಪ ಇತಿಹಾಸ.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಸೂಚನೆ ಇರುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಉಳಿದದ್ದರ ಬಗ್ಗೆ 1972ರಲ್ಲಿ ವಿಜ್ಞಾನಿ ಸುಸುಮು ಓನೋ ‘ಜಂಕ್’ ಎಂಬ ಪದ ಬಳಸಿದರು. ಆ ಹೆಸರು ಅಂಟಿಕೊಂಡುಬಿಟ್ಟಿತು.

ಹೆಣ್ಣಿನ ಜೀವಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇವೆ. ಅದರಲ್ಲಿ ಒಂದು ಸುಮ್ಮನಾಗಿರುತ್ತದೆ ಅಂತ 1961ರಲ್ಲಿ ಮೇರಿ ಲಿಯಾನ್ ಹೇಳಿದ್ದರು. ಸುಮ್ಮನಾಗಿಸುವುದು ಯಾರು? 1991ರಲ್ಲಿ ಸುಳಿವು ಸಿಕ್ಕಿತು: ‘ಎಕ್ಸಿಸ್ಟ್’ ಎಂಬ ಜೀನ್. ಅದರಿಂದ ಬರುವ ಆರ್‌ಎನ್‌ಎ ಸುಮಾರು 17,000 ಅಕ್ಷರ ಉದ್ದ. ಅದು ಯಾವ ಪ್ರೋಟೀನನ್ನೂ ಮಾಡುವುದಿಲ್ಲ. ಕಂಬಳಿಯ ಹಾಗೆ ಇಡೀ ಕ್ರೋಮೋಸೋಮ್ ಮೇಲೆ ಹರಡಿ ಅದರ ಬಾಯಿ ಮುಚ್ಚಿಸುತ್ತದೆ. ಪ್ರೋಟೀನ್ ಮಾಡದ, 200 ಅಕ್ಷರಕ್ಕಿಂತ ಉದ್ದವಾದ ಇಂಥವಕ್ಕೆ ‘ಲಾಂಗ್ ನಾನ್-ಕೋಡಿಂಗ್ ಆರ್‌ಎನ್‌ಎ’ ಅನ್ನುತ್ತಾರೆ.

ಇವು ಮನುಷ್ಯರಲ್ಲಿ ಏನು ಮಾಡುತ್ತವೆ ಅಂತ ನೋಡಲು ಯಾವ ಅಂಗವಾದರೂ ಆಗಬಲ್ಲ ಕೋಶ ಬೇಕು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಅಂಥ ಸ್ಟೆಮ್ ಸೆಲ್ ಬೆಳೆಸಿದರು. ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮದಾರ್ ತಂಡ ಎರಡು ಕೋಶಸಾಲುಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಮೂಲ ಯಾವುದು ಗೊತ್ತಾ? ಗುಣಮಟ್ಟ ಸಾಲದೆಂದು ಬಿಟ್ಟ ಭ್ರೂಣಗಳು. ಅಷ್ಟರಲ್ಲಿ, 2007ರಲ್ಲೇ, ಜಪಾನಿನ ಯಮನಾಕಾ ದೊಡ್ಡವರ ಚರ್ಮದ ಕೋಶವನ್ನೇ ಸ್ಟೆಮ್ ಸೆಲ್ ಆಗಿ ತಿರುಗಿಸಿದ್ದರು.

ಇಲ್ಲಿಗೆ ಎರಡು ದಾರಿ ಕೂಡುತ್ತವೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುತ್ತದೆ. 2013ರಲ್ಲಿ ಮ್ಯಾಸಚೂಸೆಟ್ಸ್‌ನ ಜೀನ್ ಲಾರೆನ್ಸ್ ತಂಡ ಅಂಥವರ ಕೋಶದಿಂದ ಮಾಡಿದ ಸ್ಟೆಮ್ ಸೆಲ್‌ನಲ್ಲಿ, ಆ ಮೂರರ ಪೈಕಿ ಒಂದಕ್ಕೆ ಎಕ್ಸಿಸ್ಟ್ ಸೇರಿಸಿತು. ಆ ಕ್ರೋಮೋಸೋಮ್ ಸುಮ್ಮನಾಯಿತು!

ಆದರೆ ಅದು ನಡೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ, ಮಗುವಿನ ಮೈಯಲ್ಲಲ್ಲ. ಮಾರಾಟಕ್ಕಿರುವ ಇಂಜೆಕ್ಷನ್‌ಗೂ ಇದಕ್ಕೂ ಸಂಬಂಧವಿಲ್ಲ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ, ಅನುಮತಿ ಪಡೆದ ಟ್ರಯಲ್‌ನ ಹೊರಗೆ ಸ್ಟೆಮ್ ಸೆಲ್ ಕೊಡಬಾರದು ಅಂತ ಐಸಿಎಂಆರ್ 2017ರ ಮಾರ್ಗಸೂಚಿಯೇ ಹೇಳುತ್ತದೆ.

ದಯವಿಟ್ಟು ಚಿನ್ನ ಅಡವಿಡಬೇಡಿ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಮೊದಲು ಎಕೋ ಮಾಡಿಸಿ. ಥೈರಾಯ್ಡ್, ಕಿವಿ, ಕಣ್ಣು ತೋರಿಸಿ. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಬೇಗ ಶುರು ಮಾಡಿ. ಇವತ್ತು ಮಗುವಿಗೆ ನಿಜವಾಗಿ ಆಗಿಬರುವುದು ಇವೇ.