ಕಾಳುದುಂಬಿಗಳು: ಸಂತಾನಕ್ರಮ ಮತ್ತು ಸುಪ್ತಾವಸ್ಥೆ

ಬ್ರುಕಿನೆ ಉಪಕುಟುಂಬದ ಕಾಳುದುಂಬಿಗಳ ಬಾಲ್ಯವೆಲ್ಲ ಬೀಜದೊಳಗೇ ಕಳೆಯುತ್ತದೆ. ಮೊಟ್ಟೆಯೊಡೆದ ಮರಿಹುಳು ಕಾಳನ್ನು ಕೊರೆದು ಒಳಸೇರಿ, ಅಲ್ಲೇ ತಿಂದು ಬೆಳೆದು, ಕೋಶವಾಗಿ, ಕೊನೆಗೆ ದುಂಡನೆಯ ತೂತಿನಿಂದ ದುಂಬಿಯಾಗಿ ಹೊರಬರುತ್ತದೆ. ಉಷ್ಣವಲಯದ ಹೊಲ ಕಾಡುಗಳಲ್ಲಿ ಕಾಯಿಗಳು ಸಿಗುವುದು ವರ್ಷದ ಕೆಲವೇ ತಿಂಗಳು. ಸಿಕ್ಕಾಗ ಮೊಟ್ಟೆ ಎಲ್ಲಿಡಬೇಕು, ಸಿಗದಾಗ ಹೇಗೆ ಕಾಯಬೇಕು? ಇವೆರಡೇ ಈ ಕೀಟದ ಬದುಕಿನ ದೊಡ್ಡ ಸವಾಲುಗಳು.

ಇವುಗಳಲ್ಲಿ ಒಂದನ್ನು ಲಿನೇಯಸ್ 1758ರಲ್ಲಿ ಹೆಸರಿಸಿದ. ಅಲಸಂದೆಯ ದುಂಬಿಯನ್ನು, ಅಂದರೆ ಕ್ಯಾಲೊಸೊಬ್ರೂಕಸ್ ಮ್ಯಾಕ್ಯುಲೇಟಸ್ ಅನ್ನು, ಫ್ಯಾಬ್ರಿಸಿಯಸ್ 1775ರಲ್ಲಿ ವರ್ಣಿಸಿದ. ಅವುಗಳ ಬದುಕಿನ ಬಗೆ ವಿವರವಾಗಿ ತಿಳಿಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಜಪಾನಿನ ಸ್ಯುನ್ರೊ ಉತಿದ 1954ರಲ್ಲಿ ಅಲಸಂದೆಯ ದುಂಬಿಗೆ ಎರಡು ರೂಪಗಳಿರುವುದನ್ನು ವಿವರಿಸಿದರು. ಹಾರದ ರೂಪದ ಹೆಣ್ಣು ಬಲಿತ ಮೊಟ್ಟೆಗಳೊಂದಿಗೇ ಹೊರಬರುತ್ತದೆ; ಆಹಾರ, ನೀರು ಮುಟ್ಟದೆ ಕೆಲವೇ ದಿನಗಳಲ್ಲಿ ಹತ್ತಾರು ಮೊಟ್ಟೆಯಿಟ್ಟು ಸಾಯುತ್ತದೆ. ಕಾಳಿನ ರಾಶಿ ಬಿಸಿಯೇರಿ ಹುಳುಗಳು ಕಿಕ್ಕಿರಿದಾಗ ಹಾರುವ ರೂಪ ಹೆಚ್ಚುತ್ತದೆ. ಅದರ ಮೈಯಲ್ಲಿ ಕೊಬ್ಬು ಹೆಚ್ಚು, ಆಯುಷ್ಯವೂ ಹೆಚ್ಚು. ಅಂಡಾಶಯ ಮಾತ್ರ ಇನ್ನೂ ಬಲಿತಿರುವುದಿಲ್ಲ. ಉಗ್ರಾಣ ಬಿಟ್ಟು ಹೊಲ ಹುಡುಕಲು ತಕ್ಕ ದೇಹವಿದು.

ಕಾಯುವ ಕಲೆಯಲ್ಲಿ ಪಳಗಿದ್ದು ಪಶ್ಚಿಮ ಆಫ್ರಿಕಾದ ಬ್ರುಕಿಡಿಯಸ್ ಅಟ್ರೊಲಿನಿಯೇಟಸ್. ನೈಜರ್ ದೇಶದ ಒಣ ಋತುವಿನಲ್ಲಿ ಅಲಸಂದೆ ಗಿಡಗಳೇ ಇರುವುದಿಲ್ಲ. ಆಗ ಈ ದುಂಬಿಯ ಹೆಣ್ಣು, ಗಂಡುಗಳೆರಡರ ಸಂತಾನಾಂಗಗಳೂ ಬೆಳವಣಿಗೆ ನಿಲ್ಲಿಸುತ್ತವೆ. ಮಳೆ ಬಂದು ಗಿಡ ಹೂಬಿಟ್ಟ ಮೇಲೆ ಆ ತಡೆ ಕಳಚುತ್ತದೆ. ಫ್ರಾನ್ಸಿನ ಜಾಕ್ ಹುಯಿನಾರ್ ಮತ್ತು ಸಂಗಡಿಗರು ಈ ಸುಪ್ತಾವಸ್ಥೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು.

ಮೊಟ್ಟೆಯಿಡುವ ಜಾಗದ ಆಯ್ಕೆಯೂ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಕೋಸ್ಟರಿಕಾದ ಮಳೆಮರದಲ್ಲಿ ಒಂದು ದುಂಬಿ ಎಳೆಗಾಯಿಯ ಮೇಲೇ ಮೊಟ್ಟೆಯಿಟ್ಟರೆ, ಇನ್ನೊಂದು ಬಲಿತು ಹೊರಬಿದ್ದ ಬೀಜಕ್ಕಾಗಿ ಕಾಯುತ್ತದೆ. ಅಲ್ಲಿನ ಕಾಡುಗಳಲ್ಲಿ ಡೇನಿಯಲ್ ಜಾನ್ಜನ್ ನಡೆಸಿದ ಅಧ್ಯಯನಗಳು ಬೀಜದ ಗಾತ್ರ, ವಿಷ ಮತ್ತು ದುಂಬಿಯ ದಾಳಿಗಳ ನಡುವಿನ ನಂಟನ್ನು ತೋರಿಸಿದವು.

ಅಲಸಂದೆಯ ದುಂಬಿಯ ಹೆಣ್ಣು ಆಗಲೇ ಮೊಟ್ಟೆಯಿರುವ ಕಾಳನ್ನು ಆದಷ್ಟೂ ಬಿಟ್ಟು ಖಾಲಿ ಕಾಳನ್ನು ಹುಡುಕುತ್ತದೆ. ದಕ್ಷಿಣ ಭಾರತದ ಹೆಸರುಕಾಳಿನಿಂದ ಸಂಗ್ರಹಿಸಿದ ಪ್ರಸಿದ್ಧ ಪ್ರಯೋಗಾಲಯ ತಳಿಯಲ್ಲಿ ಈ ಎಚ್ಚರ ಎದ್ದು ಕಾಣುತ್ತದೆ. ಅದರ ಮರಿಹುಳುಗಳು ಒಂದೇ ಕಾಳಿನಲ್ಲಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಒಂದು ಮಾತ್ರ ಬದುಕಿ ಹೊರಬರುತ್ತದೆ.

ಉಗ್ರಾಣದಲ್ಲಿ ಕಾಳು ವರ್ಷವಿಡೀ ಸಿಗುವುದರಿಂದ ಅಲಸಂದೆಯ ದುಂಬಿಗೆ ಅಲ್ಲಿ ಬಿಡುವೇ ಬೇಕಿಲ್ಲ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ನಾಲ್ಕು ವಾರಕ್ಕೊಂದು ಪೀಳಿಗೆ ಮುಗಿಯುತ್ತದೆ. ಹೊಲದಿಂದ ಕಾಯಿಯೊಂದಿಗೆ ಬಂದ ಬೆರಳೆಣಿಕೆಯ ಹುಳುಗಳೇ ಕೆಲವು ತಿಂಗಳಲ್ಲಿ ಮೂಟೆಯನ್ನೆಲ್ಲ ಟೊಳ್ಳಾಗಿಸಬಲ್ಲವು. ಆದ್ದರಿಂದ ಕಾಳನ್ನು ಕೊಯ್ಲಿನ ಬೆನ್ನಲ್ಲೇ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಬಿಗಿದಿಡುವ ಪದ್ಧತಿ ಆಫ್ರಿಕಾದಲ್ಲೂ ಏಷ್ಯಾದಲ್ಲೂ ಹರಡಿದೆ.