ಗ್ಲೆಂಡೇಲಿನ ನೂರು ಪಿಟೀಲುಗಳು: ಪರಂಪರೆಯ ಅಳಿವು-ಉಳಿವು ಕುರಿತು ಒಂದು ವಿಚಾರ

ಜಾನಪದವನ್ನು ಕುರಿತ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಹಲವು ಒಂದೇ ಬಗೆಯ ವಾಕ್ಯದಿಂದ ಆರಂಭವಾಗುತ್ತವೆ: ಈ ಕಲೆ ಇಂದು ಅಳಿವಿನ ಅಂಚಿನಲ್ಲಿದೆ. ಆ ವಾಕ್ಯಕ್ಕೆ ಆಧಾರವೇನೆಂದು ವಿದ್ಯಾರ್ಥಿಯನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಅಸ್ಪಷ್ಟವಾಗಿರುತ್ತದೆ. ಅಳಿವಿನ ಮಾತನ್ನು ಹೊರಗಿನವರು ಹೇಳುವುದು ಸುಲಭ. ಆ ಮಾತು ಆ ಕಲೆಯನ್ನು ಬಾಳುತ್ತಿರುವ ಜನರ ಕಿವಿಗೆ ಬಿದ್ದಾಗ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ಘಟನೆ ಕೆನಡಾ ದೇಶದ ಕೇಪ್ ಬ್ರೆಟನ್ ದ್ವೀಪದಲ್ಲಿ 1973ರಲ್ಲಿ ನಡೆಯಿತು. ಅದನ್ನು ಓದುವಾಗ ನನಗೆ ಜೈನ ಶ್ರುತಪರಂಪರೆಯ ಪ್ರಸಂಗವೊಂದು ಮತ್ತೆ ಮತ್ತೆ ನೆನಪಾಗುತ್ತದೆ. ಅದನ್ನು ಲೇಖನದ ಕೊನೆಯಲ್ಲಿ ಪ್ರಸ್ತಾಪಿಸುತ್ತೇನೆ.

ಕೇಪ್ ಬ್ರೆಟನ್ ನೋವಾ ಸ್ಕೋಷಿಯಾ ಪ್ರಾಂತದ ಈಶಾನ್ಯ ತುದಿಯಲ್ಲಿರುವ ದ್ವೀಪ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಎಂಬ ಗುಡ್ಡನಾಡಿನಲ್ಲಿ ಭೂಮಾಲೀಕರು ಕುರಿಸಾಕಣೆಗಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದಾಗ, 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ಮಧ್ಯದವರೆಗೆ ಸಾವಿರಾರು ಗೇಲಿಕ್ ಭಾಷಿಕರು ಹಡಗೇರಿ ಈ ಕಡೆಗೆ ಬಂದರು. ಅವರು ತಂದ ಆಸ್ತಿ ಕಡಿಮೆ. ಭಾಷೆ, ಹಾಡು, ಕುಣಿತ ಮತ್ತು ಪಿಟೀಲಿನ ಗತ್ತುಗಳು ಅವರೊಡನೆ ಬಂದವು.

ಇಂಗ್ಲಿಷಿನ ‘ಫಿಡ್ಲ್’ ಶಬ್ದವೇ ನಮ್ಮಲ್ಲಿ ‘ಪಿಟೀಲು’ ಆಗಿದೆ. ವಾದ್ಯ ಒಂದೇ ಆದರೂ ಎರಡು ಕಡೆ ಅದು ಹಿಡಿದ ದಾರಿಗಳು ಬೇರೆ. ದಕ್ಷಿಣ ಭಾರತದಲ್ಲಿ ಅದು ಶಾಸ್ತ್ರೀಯ ಕಚೇರಿಯ ಅಂಗವಾಯಿತು. ಪಿಟೀಲು ಚೌಡಯ್ಯನವರು (1895–1967) ಅದನ್ನು ಏಳು ತಂತಿಗಳ ವಾದ್ಯವಾಗಿಸಿದರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಮಾರ್ಗವನ್ನು ಸೇರಿತು. ಕೇಪ್ ಬ್ರೆಟನ್ನಿನಲ್ಲಿ ಅದು ದೇಸಿಯಾಗಿಯೇ ನಿಂತಿತು. ಅದರ ನೆಲೆ ಮನೆಯ ಅಡುಗೆಕೋಣೆ, ಮದುವೆ, ಊರಿನ ಕುಣಿತದ ಚಾವಡಿ. ಸ್ಟ್ರಾತ್‌ಸ್ಪೇ, ರೀಲ್ ಮೊದಲಾದ ಗತ್ತುಗಳು ಕುಣಿಯುವ ಕಾಲುಗಳಿಗಾಗಿ ಹುಟ್ಟಿದವು. ಗೇಲಿಕ್ ಮಾತಿನ ಒತ್ತು, ಎಳೆತಗಳು ಕಮಾನಿನ ಚಲನೆಯಲ್ಲಿ ಕೇಳಿಸಬೇಕೆಂಬುದು ಅಲ್ಲಿನ ಹಿರಿಯ ವಾದಕರ ಅಭಿಪ್ರಾಯ. ಹಾಗೆಂದು ಇದು ಕೇವಲ ಕಿವಿಯಿಂದ ಕಿವಿಗೆ ಸಾಗಿದ ವಿದ್ಯೆಯೂ ಅಲ್ಲ. ಸೈಮನ್ ಫ್ರೇಸರ್ 1816ರಲ್ಲಿ ಪ್ರಕಟಿಸಿದ ಹೈಲ್ಯಾಂಡ್ಸ್ ಧಾಟಿಗಳ ಸಂಗ್ರಹದಂಥ ಅಚ್ಚಿನ ಪುಸ್ತಕಗಳಿಂದಲೂ ಈ ವಾದಕರು ಕಲಿಯುತ್ತಿದ್ದರು. ಜಾನಪದವೆಂದರೆ ಬರವಣಿಗೆಯ ಸೋಂಕಿಲ್ಲದ್ದು ಎಂಬ ನಮ್ಮ ರೂಢಿಯ ಕಲ್ಪನೆಯನ್ನು ಇದು ತಿದ್ದುತ್ತದೆ.

20ನೆಯ ಶತಮಾನದಲ್ಲಿ ಈ ಬದುಕು ಬದಲಾಯಿತು. ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆಗಳು ಹಳ್ಳಿಯ ಯುವಕರನ್ನು ಸೆಳೆದವು. ಅನೇಕರು ದೂರದ ನಗರಗಳಿಗೆ ವಲಸೆ ಹೋದರು. 1955ರಲ್ಲಿ ಜಲಸಂಧಿಗೆ ಅಡ್ಡಲಾಗಿ ಕಟ್ಟಿದ ಏರಿರಸ್ತೆ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸಿತು. ರೇಡಿಯೊ, ದೂರದರ್ಶನಗಳು ಮನೆ ಹೊಕ್ಕವು. ಗೇಲಿಕ್ ಮಾತನಾಡುವ ಮನೆಗಳು ಕಡಿಮೆಯಾಗುತ್ತ ಬಂದವು. ಇಂಥ ಹೊತ್ತಿನಲ್ಲಿ, 1971ರಲ್ಲಿ, ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿ.ಬಿ.ಸಿ.ಗಾಗಿ ರಾನ್ ಮ್ಯಾಕಿನಿಸ್ ಒಂದು ಸಾಕ್ಷ್ಯಚಿತ್ರವನ್ನು ಮಾಡಿದರು. ‘ಕಣ್ಮರೆಯಾಗುತ್ತಿರುವ ಕೇಪ್ ಬ್ರೆಟನ್ ಪಿಟೀಲುವಾದಕ’ ಎಂಬುದು ಅದರ ಹೆಸರಿನ ಅರ್ಥ. ವಾದಕರು ಮುದುಕರಾಗುತ್ತಿದ್ದಾರೆ, ಅವರ ಜಾಗಕ್ಕೆ ಎಳೆಯರು ಬರುತ್ತಿಲ್ಲ ಎಂಬುದು ಚಿತ್ರದ ಆತಂಕ.

ದ್ವೀಪದ ಜನ ನೊಂದರು, ಸಿಟ್ಟಾದರು. ಪ್ರತಿಭಟನೆಯ ಪತ್ರ ಬರೆಯುವುದಕ್ಕಿಂತ ವಾದಕರನ್ನೇ ಒಂದೆಡೆ ಸೇರಿಸಿ ತೋರಿಸುವುದು ಮೇಲೆಂದು ಕೆಲವರಿಗೆ ತೋರಿತು. ಫ್ರ್ಯಾಂಕ್ ಮ್ಯಾಕಿನಿಸ್, ಗ್ಲೆಂಡೇಲ್ ಎಂಬ ಸಣ್ಣ ಊರಿನ ಪಾದ್ರಿ ಜಾನ್ ಆ್ಯಂಗಸ್ ರ‍್ಯಾಂಕಿನ್ ಮೊದಲಾದವರು ಮುಂದೆ ನಿಂತರು. 1973ರ ಜುಲೈ ತಿಂಗಳಲ್ಲಿ ಗ್ಲೆಂಡೇಲಿನಲ್ಲಿ ಉತ್ಸವ ನೆರವೇರಿತು. ನೂರಕ್ಕೂ ಹೆಚ್ಚು ಪಿಟೀಲುವಾದಕರು ಒಂದೇ ವೇದಿಕೆಯ ಮೇಲೆ ಕೂಡಿ ನುಡಿಸಿದರು. ಬೇರೆ ಬೇರೆ ಹಳ್ಳಿಗಳಲ್ಲಿ ತಮ್ಮ ತಮ್ಮ ಪಾಡಿಗೆ ನುಡಿಸಿಕೊಂಡಿದ್ದವರು ತಮ್ಮ ಸಂಖ್ಯೆಯನ್ನು ತಾವೇ ಕಣ್ಣಾರೆ ಕಂಡರು. ಈ ಉತ್ಸವದ ಫಲವಾಗಿ ಪಿಟೀಲುವಾದಕರ ಸಂಘವೂ ನೆಲೆಗೊಂಡಿತು.

ಇಲ್ಲಿ ಇತಿಹಾಸದ ವ್ಯಂಗ್ಯವೊಂದನ್ನು ಗಮನಿಸಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ದ್ವೀಪದ ಮಾಬೂ ಎಂಬಲ್ಲಿ ಪಾದ್ರಿಯೊಬ್ಬನು, ಕುಡಿತ-ಕುಣಿತಗಳಿಗೆ ಕಾರಣವೆಂದು ಬಗೆದು, ಊರಿನ ಪಿಟೀಲುಗಳನ್ನು ತರಿಸಿ ನಾಶಮಾಡಿಸಿದನೆಂಬ ನೆನಪು ಜನರಲ್ಲಿ ಉಳಿದಿದೆ. ಒಬ್ಬ ಪಾದ್ರಿ ಚದುರಿಸಿದ್ದನ್ನು ಸುಮಾರು ನೂರು ವರ್ಷಗಳ ತರುವಾಯ ಇನ್ನೊಬ್ಬ ಪಾದ್ರಿ ಕೂಡಿಸಿದನು. ಧರ್ಮಸಂಸ್ಥೆ ಕಲೆಯ ವೈರಿಯೆಂದಾಗಲಿ, ಪೋಷಕನೆಂದಾಗಲಿ ಒಂದೇ ಮಾತಿನಲ್ಲಿ ತೀರ್ಪು ಕೊಡುವಂತಿಲ್ಲ.

ಹಾಗಾದರೆ ಸಾಕ್ಷ್ಯಚಿತ್ರ ಸುಳ್ಳಾಯಿತೇ? ಪೂರ್ತಿಯಾಗಿ ಹಾಗೆನ್ನಲು ಬಾರದು. ಅದು ಎಣಿಕೆಯಲ್ಲಿ ತಪ್ಪಿತು. ಧ್ವನಿಮುದ್ರಿಕೆ, ಪ್ರಚಾರಗಳಲ್ಲಿ ಕಾಣದವನು ಇಲ್ಲವೆಂದೇ ಅರ್ಥವಲ್ಲ. ಬಡಿ ಮ್ಯಾಕ್‌ಮಾಸ್ಟರ್ (1924–2014) ರೈಲ್ವೆ ನಿಲ್ದಾಣದಲ್ಲಿ ನೌಕರಿ ಮಾಡುತ್ತ ದಶಕಗಳ ಕಾಲ ಊರ ಕುಣಿತಗಳಿಗೆ ನುಡಿಸಿದವರು. ದ್ವೀಪದ ಶ್ರೇಷ್ಠ ವಾದಕರಲ್ಲಿ ಒಬ್ಬರು. ಅವರ ಮೊದಲ ಸ್ವತಂತ್ರ ಧ್ವನಿಮುದ್ರಿಕೆ ಹೊರಬಂದದ್ದು ನಿವೃತ್ತಿಯ ಬಳಿಕ, 1989ರಲ್ಲಿ. ಮುದ್ರಿಕೆಗಳನ್ನಷ್ಟೇ ದಾಖಲೆಯೆಂದು ನಂಬಿದ ಸಂಶೋಧಕನಿಗೆ 1971ರಲ್ಲಿ ಇಂಥವರು ಕಾಣುತ್ತಲೇ ಇರಲಿಲ್ಲ. ಆದರೆ ಎಳೆಯರು ಎಲ್ಲಿ ಎಂಬ ಚಿತ್ರದ ಪ್ರಶ್ನೆ ಮಾತ್ರ ನಿಜವಾದದ್ದು. ನೂರು ಮಂದಿ ಇದ್ದಾರೆಂಬುದನ್ನು ವೇದಿಕೆ ಸಾಬೀತುಮಾಡಿತು. ಮುಂದಿನ ನೂರು ಮಂದಿ ಯಾರೆಂಬುದಕ್ಕೆ ಯಾವ ವೇದಿಕೆಯೂ ಉತ್ತರ ಹೇಳಲಾರದು.

ಆ ಉತ್ತರ ಬಂದದ್ದು ಪಾಠದ ಕೋಣೆಗಳಿಂದ. ಸ್ಟ್ಯಾನ್ ಚಾಪ್‌ಮನ್ ಎಂಬ ಶಿಕ್ಷಕರು ಮಕ್ಕಳಿಗೆ ಪಿಟೀಲು ಹೇಳಿಕೊಟ್ಟರು. ಬಡಿ ಅವರ ತಮ್ಮನ ಮಗಳು ನಟಾಲಿ ಮ್ಯಾಕ್‌ಮಾಸ್ಟರ್ ಒಂಬತ್ತನೆಯ ವಯಸ್ಸಿನಲ್ಲಿ ಪಿಟೀಲು ಹಿಡಿದು ಇವರಲ್ಲಿ ಕಲಿತವರು. ಆ್ಯಶ್ಲಿ ಮ್ಯಾಕೈಸಾಕ್ ಕೂಡ ಇವರ ಶಿಷ್ಯರು. ಇಬ್ಬರೂ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಖ್ಯಾತಿ ಪಡೆದರು. ಬಡಿ ಮ್ಯಾಕ್‌ಮಾಸ್ಟರ್ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗೇಲಿಕ್ ಕಾಲೇಜಿಗೆ ಹೋಗಿ ಅಲ್ಲಿನವರಿಗೆ ಪಾಠ ಹೇಳಿದರು. ಮೂಲನೆಲದಲ್ಲಿ ಮಸುಕಾದ ಶೈಲಿಯನ್ನು ಕಡಲಾಚೆಯ ಅಂಚು ಹಿಂದಿರುಗಿಸಿತು.

ಶ್ರುತಪರಂಪರೆಯ ಪ್ರಸಂಗ ನೆನಪಾಗುವುದು ಇಲ್ಲಿಯೇ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆ ಆಗಮಜ್ಞಾನ ಅಳಿದುಹೋದೀತೆಂದು ಚಿಂತಿಸಿ, ದಕ್ಷಿಣದ ಮುನಿಸಂಘಕ್ಕೆ ಹೇಳಿಕಳುಹಿಸಿ, ಪುಷ್ಪದಂತ-ಭೂತಬಲಿಗಳೆಂಬ ಇಬ್ಬರು ಮುನಿಗಳನ್ನು ಕರೆಸಿಕೊಂಡು ಪಾಠ ಹೇಳಿದರೆಂದು ಪರಂಪರೆ ಹೇಳುತ್ತದೆ. ಷಟ್‌ಖಂಡಾಗಮ ಹುಟ್ಟಿದ್ದು ಹಾಗೆ. ಅಳಿವಿನ ಭೀತಿಗೆ ಆ ಆಚಾರ್ಯರು ಕಂಡುಕೊಂಡ ಪರಿಹಾರ ಶಿಷ್ಯರು.

ಆ ಗ್ರಂಥದ ಮುಂದಿನ ಚರಿತ್ರೆಯೂ ಪಾಠವೇ. ವೀರಸೇನಾಚಾರ್ಯರ ಧವಲಾ ಟೀಕೆಯೊಡನೆ ಅದು ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡುಬಿದಿರೆಯಲ್ಲಿ ಉಳಿಯಿತು. ಅಂಚಿನ ಊರೊಂದು ಅದನ್ನು ಕಾಪಾಡಿತು. ಆದರೆ ಶತಮಾನಗಳ ಕಾಲ ಅದು ದರ್ಶನದ ವಸ್ತುವಾಗಿತ್ತು. ಭಕ್ತರು ಕೈಮುಗಿಯುತ್ತಿದ್ದರು, ಓದುವವರು ಇರಲಿಲ್ಲವೆನ್ನಬೇಕು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಅದು ಮತ್ತೆ ವಿದ್ಯೆಯಾಯಿತು. ಕಾಪಾಡಿದವರ ಋಣ ದೊಡ್ಡದು. ಆದರೂ ಉಳಿದಿರುವುದು ಬೇರೆ, ಬಳಕೆಯಲ್ಲಿರುವುದು ಬೇರೆ.

ಉತ್ಸವವೂ ಒಂದು ಬಗೆಯ ದರ್ಶನವೇ. ಶ್ರುತಪಂಚಮಿಯಂದು ಗ್ರಂಥಗಳನ್ನು ಪೂಜಿಸುವಂತೆ, ಗ್ಲೆಂಡೇಲಿನಲ್ಲಿ ಒಂದು ಜನಸಮುದಾಯ ತನ್ನ ಸಂಗೀತಕ್ಕೆ ಕೈಮುಗಿಯಿತು. ಅದು ಅಗತ್ಯವಾಗಿತ್ತು; ಅಲ್ಲಿ ಮರಳಿದ ಆತ್ಮಗೌರವವಿಲ್ಲದೆ ಮಕ್ಕಳನ್ನು ಪಾಠಕ್ಕೆ ಕಳುಹಿಸುವ ಮನಸ್ಸು ಹುಟ್ಟುತ್ತಿತ್ತೆನ್ನಲಾಗದು. ಆದರೆ ಅದೇ ದ್ವೀಪದಲ್ಲಿ ಪಿಟೀಲು ಉಳಿದಷ್ಟು ಗೇಲಿಕ್ ಭಾಷೆ ಉಳಿಯಲಿಲ್ಲವೆಂಬುದನ್ನು ಭಾಷೆಯ ವಿದ್ಯಾರ್ಥಿಗಳಾದ ನಾವು ಮರೆಯಬಾರದು. ಮನೆಯಲ್ಲಿ ಮಕ್ಕಳಿಗೆ ದಾಟಿಸದ ನುಡಿಯನ್ನು ಉತ್ಸವ ಉಳಿಸಿಕೊಡಲಿಲ್ಲ.

ಆದ್ದರಿಂದ ‘ಅಳಿವಿನ ಅಂಚಿನಲ್ಲಿ’ ಎಂದು ಬರೆಯಹೊರಟ ವಿದ್ಯಾರ್ಥಿಗೆ ನನ್ನ ಸೂಚನೆ ಇಷ್ಟು. ಮೊದಲು ಊರೂರು ತಿರುಗಿ, ವೇದಿಕೆ ಹತ್ತದವರನ್ನೂ ಸೇರಿಸಿ ಎಣಿಸಬೇಕು. ಬಳಿಕ ಪ್ರತಿಯೊಬ್ಬ ಕಲಾವಿದನನ್ನೂ ಒಂದೇ ಪ್ರಶ್ನೆ ಕೇಳಬೇಕು: ನಿಮ್ಮ ಬಳಿ ಯಾರು ಕಲಿಯುತ್ತಿದ್ದಾರೆ? ಆ ಉತ್ತರವನ್ನು ಬರೆದುಕೊಂಡ ಮೇಲೆ ಪ್ರಬಂಧದ ಮೊದಲ ವಾಕ್ಯವನ್ನು ಬರೆಯಲಿ.