ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನ ಗೇರ್ ಎಣ್ಣೆ: ಚರಿತ್ರೆ ಮತ್ತು ಆಯ್ಕೆ

ಲಾರಿ ಅಥವಾ ಪಿಕಪ್ಪಿನ ಹಿಂದಿನ ಹೌಸಿಂಗಿನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ, ಅಲ್ಲಿನ ಎಣ್ಣೆಗೆ ಒಂದಕ್ಕೊಂದು ಒಗ್ಗದ ಎರಡು ಕೆಲಸ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಕೆರೆದುಹೋಗದಂತೆ ಅದು ಜಾರಿಕೆ ಕೊಡಬೇಕು. ಪಕ್ಕದಲ್ಲೇ ಇರುವ ಕ್ಲಚ್ ತಟ್ಟೆಗಳ ನಡುವೆ ಹದವಾದ ಹಿಡಿತ ಉಳಿಸಬೇಕು. ಎಣ್ಣೆ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಡಬ್ಬದ ಮೇಲಿನ ಅಂಕಿ, ಬೆಲೆ, ಕಂಪನಿಯ ಹೆಸರು. ನೋಡಬೇಕಾದದ್ದು ಒಳಗೆ ಕೂತಿರುವ ಯಂತ್ರ ಯಾವ ಬಗೆಯದು ಎಂಬುದನ್ನು. ಈ ಎಣ್ಣೆಗಳು ಬೆಳೆದುಬಂದ ದಾರಿಯನ್ನು ಹಿಂಬಾಲಿಸಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಹರಿಯಾಣದ ಗುರುಗ್ರಾಮ ಜಿಲ್ಲೆಯ ಮಾನೇಸರ್ ಈ ವಿಚಾರಕ್ಕೆ ತಕ್ಕ ಜಾಗ. ಊರನ್ನು ಸೀಳಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 48 ಜೈಪುರ, ಮುಂಬೈ, ಪುಣೆ ದಾಟಿ ನಿಪ್ಪಾಣಿಯಲ್ಲಿ ಕರ್ನಾಟಕಕ್ಕೆ ಇಳಿದು, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರಿನ ಮೇಲೆ ಬೆಂಗಳೂರಿಗೆ ಬರುತ್ತದೆ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಐಕ್ಯಾಟ್ ಸಂಸ್ಥೆ ಇರುವುದು ಇಲ್ಲೇ. 2007ರಿಂದ ಮಾರುತಿ ಸುಜುಕಿಯ ಕಾರುಗಳು ಇಲ್ಲಿ ತಯಾರಾಗುತ್ತಿವೆ. ಆ ಕಾರುಗಳಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವುದರಿಂದ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಸೇರಿಕೊಂಡಿದೆ. ಎರಡಕ್ಕೂ ಒಂದೇ ಎಣ್ಣೆ. ಅದೇ ಕಾರುಗಳನ್ನು ಹೊತ್ತು ದಕ್ಷಿಣಕ್ಕೆ ಹೊರಡುವ ಟ್ರೇಲರನ್ನು ಎಳೆಯುವ ಲಾರಿಯ ಹಿಂದಿನ ಆಕ್ಸಲಿಗೆ ಬೇರೆಯೇ ಎಣ್ಣೆ. ಕಾರಿನದನ್ನು ಲಾರಿಗಾಗಲಿ ಲಾರಿಯದನ್ನು ಕಾರಿಗಾಗಲಿ ಸುರಿಯುವಂತಿಲ್ಲ.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ಲನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಗೆ ಉಗಿಬಂಡಿಗೆಂದು ರೂಪಿಸಿದ. ಎಣ್ಣೆಯ ತೊಡಕು ಶುರುವಾದದ್ದು ಅದರಿಂದಲ್ಲ, ಹೈಪಾಯ್ಡ್ ಗೇರಿನಿಂದ. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿ ಪಿನಿಯನ್ನನ್ನು ಕ್ರೌನ್ ಚಕ್ರದ ನಡುಗೆರೆಯಿಂದ ಕೆಳಗಿಳಿಸಿ ಜೋಡಿಸುವ ಈ ಹಲ್ಲನ್ನು ಬಳಕೆಗೆ ತಂದಿತು. ಪ್ಯಾಕಾರ್ಡ್ ಕಾರುಗಳು ಅದನ್ನು ಮೊದಲು ಅಳವಡಿಸಿಕೊಂಡವು. ಇದರಲ್ಲಿ ಹಲ್ಲು ಹಲ್ಲಿನ ಮೇಲೆ ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತದೆ. ಆ ಒತ್ತಡಕ್ಕೆ ಬರೀ ಖನಿಜತೈಲದ ಪದರ ಹರಿದುಹೋಗುತ್ತದೆ. ಹೀಗಾಗಿ ಗಂಧಕ ಮತ್ತು ಸೀಸದ ಸಂಯುಕ್ತಗಳನ್ನು, ಮುಂದೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಎಣ್ಣೆಗೆ ಬೆರೆಸಲಾಯಿತು. ಹಲ್ಲು ಕಾದ ಜಾಗದಲ್ಲಿ ಇವು ಉಕ್ಕಿನೊಡನೆ ಕೂಡಿ ತೆಳುವಾದ ಪೊರೆ ಕಟ್ಟುತ್ತವೆ. ಸವೆಯುವುದು ಆ ಪೊರೆ, ಉಕ್ಕಲ್ಲ. 1962ರ ಅಮೆರಿಕದ ಸೇನಾ ನಿರ್ದಿಷ್ಟತೆ ಎಂಐಎಲ್-ಎಲ್-2105ಬಿ, ಅದಕ್ಕೆ ಹೊಂದುವ ಎಪಿಐ ಜಿಎಲ್-5 ದರ್ಜೆ ಎರಡೂ ಈ ರಸಾಯನದ ಫಲ. ಅದೇ ಗಂಧಕ ಗೇರ್‌ಬಾಕ್ಸಿನ ಸಿಂಕ್ರೊನೈಸರ್ ಉಂಗುರದ ಕಂಚನ್ನು ತಿನ್ನಬಲ್ಲದು. ಅಂಕಿ ದೊಡ್ಡದಾದ ಮಾತ್ರಕ್ಕೆ ಜಿಎಲ್-5 ಎಲ್ಲೆಡೆಯೂ ಗೇರ್‌ಬಾಕ್ಸಿಗೆ ಬಳಸುವ ಜಿಎಲ್-4 ದರ್ಜೆಗಿಂತ ಮೇಲೆಂದು ತಿಳಿಯಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಕವಲು ಹಿಡಿತದ್ದು. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿದರೆ ಗಟ್ಟಿ ನೆಲದ ಮೇಲಿನ ಚಕ್ರಕ್ಕೂ ಬಲ ಸಿಗುವುದಿಲ್ಲ. 1930ರ ದಶಕದಲ್ಲಿ ಆಟೋ ಯೂನಿಯನ್ ರೇಸ್ ಕಾರುಗಳಿಗೆ ಜರ್ಮನಿಯ ಝಡ್‌ಎಫ್ ಸ್ವಯಂ ಬಿಗಿಯುವ, ಅಂದರೆ ಲಿಮಿಟೆಡ್ ಸ್ಲಿಪ್, ಡಿಫರೆನ್ಷಿಯಲ್ ಮಾಡಿಕೊಟ್ಟಿತು. 1956ರ ಪ್ಯಾಕಾರ್ಡ್ ಮತ್ತು ಸ್ಟೂಡಿಬೇಕರ್ ಕಾರುಗಳಿಂದ ಅದು ಅಮೆರಿಕದ ರಸ್ತೆಗೆ ಬಂತು, ಅಲ್ಲಿಂದ ಪಿಕಪ್ಪುಗಳಿಗೆ. ಇದರ ಸಾಮಾನ್ಯ ರೂಪದಲ್ಲಿ ಪಕ್ಕದ ಗೇರುಗಳ ಬೆನ್ನಿಗೆ ತೆಳ್ಳನೆಯ ಉಕ್ಕಿನ ತಟ್ಟೆಗಳ ಅಟ್ಟಿ ಇರುತ್ತದೆ. ತಿರುವಿನಲ್ಲಿ ತಟ್ಟೆಗಳು ಒಂದರ ಮೇಲೊಂದು ನಿಧಾನಕ್ಕೆ ಜಾರಬೇಕು. ನಿಂತ ತಟ್ಟೆಯ ಘರ್ಷಣೆ ಜಾರುವ ತಟ್ಟೆಯ ಘರ್ಷಣೆಗಿಂತ ಹೆಚ್ಚಿದ್ದರೆ ಅವು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತವೆ. ವಾಹನ ನಿಲ್ಲಿಸುವ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಹಿಂದಿನಿಂದ ಬರುವ ಕಟಕಟ ನಡುಕ ಇದೇ. ಅದನ್ನು ತಡೆಯಲು ಎಣ್ಣೆಗೆ ಸೇರಿಸುವ ಘರ್ಷಣೆ ಸುಧಾರಕದ ಉದ್ದನೆಯ ಅಣುಗಳು ತಟ್ಟೆಯ ಮೈಗೆ ಅಂಟಿಕೊಂಡು ಮೊದಲ ಜಾರಿಕೆಯನ್ನು ಸಲೀಸು ಮಾಡುತ್ತವೆ. ಜಿಎಲ್-5ರ ಪರೀಕ್ಷೆಗಳು ಮುಖ್ಯವಾಗಿ ನೋಡುವುದು ಹೊರೆ, ಆಘಾತ, ತುಕ್ಕು ಮತ್ತು ಎಣ್ಣೆ ಕಾದು ಕೆಡುವುದನ್ನು; ತಟ್ಟೆಗಳ ನಡುಕವನ್ನು ಅಳೆಯುವ ಪರೀಕ್ಷೆ ಅವುಗಳಲ್ಲಿ ಇಲ್ಲ. ಹೀಗಾಗಿ ಡಬ್ಬದ ಮೇಲೆ ಜಿಎಲ್-5 ಎಂದಿದ್ದರೆ ಕ್ರೌನ್ ಉಳಿಯುತ್ತದೆ ಎಂದು ನಂಬಬಹುದು, ಆದರೆ ತಟ್ಟೆಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಟ್ಟೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ‘ಎಲ್‌ಎಸ್’ ಎಂದು ಸ್ಪಷ್ಟವಾಗಿ ನಮೂದಿಸಿದ ಎಣ್ಣೆಯೇ ಬೇಕು. ಟೊಯೊಟಾ ಸಾದಾ ಡಿಫರೆನ್ಷಿಯಲ್‌ಗೆ ಎಲ್‌ಟಿ, ಲಿಮಿಟೆಡ್ ಸ್ಲಿಪ್ಪಿಗೆ ಎಲ್‌ಎಕ್ಸ್ ಎಂದು ಎರಡು ಎಣ್ಣೆಗಳನ್ನು ಬೇರೆಬೇರೆಯಾಗಿಯೇ ಹೆಸರಿಸುತ್ತದೆ.

ಹಾಗಾದರೆ ಸುಧಾರಕದ ಒಂದು ಬಾಟಲಿಯನ್ನು ಎಲ್ಲ ಆಕ್ಸಲಿಗೂ ಸುರಿದುಬಿಟ್ಟರಾಯಿತಲ್ಲ ಎಂಬ ಮಾತು ಮೆಕ್ಯಾನಿಕ್‌ಗಳಲ್ಲಿ ಇದೆ. ಇದನ್ನು ಒಪ್ಪಲಾಗದು. ವರ್ನನ್ ಗ್ಲೀಸ್‌ಮನ್ ಕಂಡುಹಿಡಿದ ಟಾರ್ಸೆನ್‌ನಂಥ ಗೇರ್ ಬಗೆಯ ಡಿಫರೆನ್ಷಿಯಲ್ ಬಲ ಹಂಚುವುದೇ ಹಲ್ಲುಗಳ ನಡುವಿನ ಘರ್ಷಣೆಯಿಂದ. ಅದನ್ನು ತಗ್ಗಿಸಿದರೆ ಕೊಟ್ಟ ದುಡ್ಡಿನ ಗುಣವೇ ಹೋಯಿತು. ಮಹೀಂದ್ರದ 2020ರ ಥಾರ್‌ನಲ್ಲಿ ಬಂದ ಈಟನ್ ಲಾಕರಿನ ಬಗೆಯಲ್ಲಿ, ಚಕ್ರ ಜಾರಿದೊಡನೆ ತಟ್ಟೆಗಳು ಬಿಗಿಯಾಗಿ ಕಚ್ಚಿಕೊಳ್ಳಬೇಕು. ಅಮೆರಿಕದ ಷೆವರ್ಲೆ ಪಿಕಪ್ಪುಗಳಲ್ಲಿ ಇದೇ ಬಗೆಯ ಲಾಕರಿಗೆ ಸುಧಾರಕ ಹಾಕಬೇಡಿ ಎನ್ನುತ್ತದೆ ಜನರಲ್ ಮೋಟಾರ್ಸ್. ತನ್ನ ಟ್ರಾಕ್ಷನ್-ಲಾಕಿಗೆ ಹಾಕಲೇಬೇಕು ಎನ್ನುತ್ತದೆ ಫೋರ್ಡ್. ತಟ್ಟೆಗಳನ್ನು ಒತ್ತಿಸುವ ವ್ಯವಸ್ಥೆ ಎರಡರಲ್ಲೂ ಬೇರೆ; ಎಣ್ಣೆಯ ಮಾತು ಬೇರೆಯಾದದ್ದು ಅದಕ್ಕೇ.

ಎರಡನೆಯ ಆಕ್ಷೇಪ ಸೆಕೆಯದು: ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಮಾನೇಸರಿನಲ್ಲಿ ಎಣ್ಣೆ ದಪ್ಪಗಿದ್ದಷ್ಟೂ ಒಳ್ಳೆಯದು, ಆದ್ದರಿಂದ 140 ಹಾಕಿ. ಇದರಲ್ಲಿ ಅರ್ಧ ಸತ್ಯವಿದೆ. ಎಸ್‌ಎಇ ಲೆಕ್ಕದಲ್ಲಿ 80ಡಬ್ಲ್ಯು ಎಣ್ಣೆ ಶೂನ್ಯಕ್ಕಿಂತ 26 ಡಿಗ್ರಿ ಕೆಳಗೂ, 85ಡಬ್ಲ್ಯು 12 ಡಿಗ್ರಿ ಕೆಳಗೂ ಹರಿಯಬೇಕು; ದೆಹಲಿ ಸುತ್ತಿನ ಚಳಿ ಅಲ್ಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ಡಬ್ಬದ ಮೇಲಿನ 80ಡಬ್ಲ್ಯು-90ರಂಥ ಗುರುತಿನಲ್ಲಿ ಮೊದಲ ಅಂಕಿಗೆ ಇಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡನೆಯ ಅಂಕಿಯನ್ನು ನಿರ್ಧರಿಸುವುದು ಮಾತ್ರ ಹೊರಗಿನ ಬಿಸಿಲಿಗಿಂತ ಹೆಚ್ಚಾಗಿ ಹೊರೆ ಮತ್ತು ವೇಗ. 100 ಡಿಗ್ರಿಯಲ್ಲಿ 90ರ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್, 140ರದ್ದು 24ರಿಂದ 32.5. ಅಷ್ಟು ದಪ್ಪದ ಎಣ್ಣೆಯನ್ನು ಹೆದ್ದಾರಿಯ ವೇಗದಲ್ಲಿ ಕ್ರೌನ್ ಕಡೆಯುತ್ತಾ ಹೋದರೆ ಕಡೆತದಿಂದಲೇ ಹೌಸಿಂಗ್ ಕಾಯುತ್ತದೆ, ತಟ್ಟೆಗಳ ಸಂದಿಗೆ ಎಣ್ಣೆ ತಡವಾಗಿ ಇಳಿಯುತ್ತದೆ. ಕಲ್ಲು ತುಂಬಿ ನಿಧಾನಕ್ಕೆ ಏರು ಹತ್ತುವ ವಾಹನಕ್ಕೆ ತಯಾರಕರೇ 140 ಹೇಳಿದ್ದರೆ ಹಾಕಬೇಕು; ಬರೀ ಸೆಕೆಗೆ ಹೆದರಿ ಹಾಕಬಾರದು.

ಭಾರತದ ಭಾರಿ ಲಾರಿಗಳಲ್ಲಿ ಲಿಮಿಟೆಡ್ ಸ್ಲಿಪ್ ಅಪರೂಪ, ಈ ಚರ್ಚೆಯೇ ಏಕೆ ಎಂದೂ ಕೇಳಬಹುದು. ಮಾತು ನಿಜ. 1981ರಲ್ಲಿ ಸ್ಥಾಪನೆಯಾದ ಮೈಸೂರಿನ ಆಟೋಮೋಟಿವ್ ಆಕ್ಸಲ್ಸ್‌ನಂಥ ಕಾರ್ಖಾನೆಗಳಿಂದ ಹೊರಡುವ ಲಾರಿಯ ಆಕ್ಸಲ್ ಹೆಚ್ಚಾಗಿ ಸಾದಾ ಡಿಫರೆನ್ಷಿಯಲ್‌ನದು. ಟಿಪ್ಪರುಗಳಲ್ಲಿ ಚಾಲಕನೇ ಒತ್ತುವ ಲಾಕ್ ಇರುತ್ತದೆ. ಆ ಲಾಕ್ ಹಲ್ಲಿಗೆ ಹಲ್ಲು ಕೂಡುವಂಥದ್ದು, ಅದಕ್ಕೆ ತಟ್ಟೆಯ ಚಿಂತೆ ಇಲ್ಲ, ಒಳ್ಳೆಯ ಜಿಎಲ್-5 ಸಾಕು. ಅಲ್ಲಿ ಎಲ್‌ಎಸ್ ಎಣ್ಣೆಗೆ ಹೆಚ್ಚಿನ ದುಡ್ಡು ಕೊಡುವುದು ದಂಡ. ಒಂದೇ ಗ್ಯಾರೇಜಿಗೆ ಟಿಪ್ಪರ್, ಪಿಕಪ್, ಮಣ್ಣೆತ್ತುವ ಯಂತ್ರ ಮೂರೂ ಬರುವುದರಿಂದಲೇ ಈ ಭೇದ ತಿಳಿದಿರಬೇಕು.

ಎಣ್ಣೆ ಬದಲಿಸುವ ಮುನ್ನ ಮಾಲೀಕರ ಕೈಪಿಡಿ ಮತ್ತು ಹೌಸಿಂಗಿನ ಮೇಲಿನ ಗುರುತುಪಟ್ಟಿ ನೋಡಿ ಡಿಫರೆನ್ಷಿಯಲ್ ಯಾವ ಬಗೆಯದೆಂದು ಖಚಿತ ಮಾಡಿಕೊಳ್ಳಿ. ತಟ್ಟೆಯದಾದರೆ ಹೊಸ ಎಣ್ಣೆ ತುಂಬಿದ ಮೇಲೆ ಖಾಲಿ ಜಾಗದಲ್ಲಿ ಎಂಟರ ಆಕಾರದಲ್ಲಿ ಕೆಲವು ಸುತ್ತು ನಿಧಾನಕ್ಕೆ ಓಡಿಸಿ, ತಟ್ಟೆಗಳ ನಡುವೆ ಎಣ್ಣೆ ಸೇರಲಿ. ಆಮೇಲೂ ಕಟಕಟ ನಿಲ್ಲದಿದ್ದರೆ ಹೌಸಿಂಗ್ ಬಿಚ್ಚಿ ತಟ್ಟೆಗಳನ್ನು ನೋಡಿಸಬೇಕು. ಸವೆದ ತಟ್ಟೆಯನ್ನು ಯಾವ ಎಣ್ಣೆಯೂ ಸರಿಮಾಡುವುದಿಲ್ಲ.